ಒಂಟೆಯ ರಕ್ತದಲ್ಲೊಂದು ಪುಟ್ಟ ಪ್ರೋಟೀನು

2016ರ ಜುಲೈ 21ರಂದು ಕುವೈತಿನ ಜಹ್ರಾ ಪ್ರಾಂತ್ಯದ ಮಿತ್ರಿಬಾದಲ್ಲಿ ಉಷ್ಣತೆ 53.9 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ವಿಶ್ವ ಹವಾಮಾನ ಸಂಸ್ಥೆ ಕೂಲಂಕಷವಾಗಿ ಪರಿಶೀಲಿಸಿ, ಏಷ್ಯಾ ಖಂಡದ ಅತಿ ಹೆಚ್ಚಿನ ತಾಪಮಾನ ಇದೇ ಎಂದು ಒಪ್ಪಿಕೊಂಡಿತು. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಯಾರನ್ನೂ ಬಿಸಿಲಿನಲ್ಲಿ ದುಡಿಸಬಾರದೆಂಬ ನಿಯಮ ಕುವೈತಿನಲ್ಲಿದೆ. ಕರಾವಳಿಯಿಂದ ಹೋಗಿ ಅಲ್ಲಿ ದುಡಿಯುವ ನಮ್ಮವರಿಗೆ ಅದು ಚೆನ್ನಾಗಿ ಗೊತ್ತು. ಒಂಟೆಗೆ ಮಾತ್ರ ಆ ವಿನಾಯಿತಿ ಇಲ್ಲ, ಅದರ ಮೈಯೊಳಗಿನ ಪ್ರೋಟೀನುಗಳಿಗೂ ಇಲ್ಲ.

ಬಿಸಿಯೆಂದರೆ ಪ್ರೋಟೀನುಗಳಿಗೆ ಯಾಕಿಷ್ಟು ಭಯ? ಪ್ರೋಟೀನೆಂದರೆ 20 ಬಗೆಯ ಅಮೈನೋ ಆಮ್ಲಗಳನ್ನು ಒಂದರ ಹಿಂದೊಂದು ಪೋಣಿಸಿದ ಸರ. ಸರವಾಗಿಯೇ ಉಳಿದರೆ ಅದರಿಂದ ಹೆಚ್ಚೇನೂ ನಡೆಯದು. ಸುರುಳಿ, ಪಟ್ಟಿ, ತಿರುವುಗಳಾಗಿ ಮಡಚಿಕೊಂಡು ಒಂದು ನಿರ್ದಿಷ್ಟ ಆಕಾರಕ್ಕೆ ಬಂದ ಮೇಲೆಯೇ ಹಿಮೋಗ್ಲೋಬಿನ್ ಆಮ್ಲಜನಕ ಹೊರುತ್ತದೆ, ಕಿಣ್ವ ಆಹಾರವನ್ನು ಜೀರ್ಣಿಸುತ್ತದೆ. ಈ ಸರ ಯಾವ ಕೋನಗಳಲ್ಲಿ ತಿರುಗಬಲ್ಲದು, ಎಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿಯಾಗುತ್ತವೆ ಎಂಬ ನಕ್ಷೆಯನ್ನು 1963ರಲ್ಲಿ ಪ್ರಕಟಿಸಿದವರು ಮದ್ರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು. ಅವರೇ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಜಗತ್ತಿನ ಯಾವ ಮೂಲೆಯಲ್ಲಿ ಪ್ರೋಟೀನಿನ ರಚನೆ ಬಿಡಿಸಿದರೂ ಅದು ಸರಿಯಿದೆಯೇ ಎಂದು ನೋಡಲು ಇಂದಿಗೂ ಆ ನಕ್ಷೆಯನ್ನೇ ಹರಡುತ್ತಾರೆ. ನೊಬೆಲ್ ಮಾತ್ರ ಅವರಿಗೆ ಬರಲಿಲ್ಲ, ಬರಬೇಕಿತ್ತು.

ಬಿಸಿ ಏರಿದಂತೆ ಮಡಿಕೆಗಳನ್ನು ಹಿಡಿದಿಟ್ಟ ದುರ್ಬಲ ಬಂಧಗಳು ಸಡಿಲಗೊಳ್ಳುತ್ತವೆ. ನೀರಿಗೆ ಬೆನ್ನು ತಿರುಗಿಸಿ ಒಳಗೆ ಅಡಗಿದ್ದ ಎಣ್ಣೆಸ್ವಭಾವದ ಭಾಗಗಳು ಹೊರಬಂದು, ಪಕ್ಕದ ಸರಗಳಿಗೆ ಅಂಟಿ, ಎಲ್ಲವೂ ಗಂಟಾಗುತ್ತದೆ. ಬೇಯಿಸಿದ ಮೊಟ್ಟೆಯ ಬಿಳಿಯಲ್ಲಿ ಕಾಣುವುದು ಇದನ್ನೇ. ತಣ್ಣಗಾದರೂ ಅದು ಮತ್ತೆ ನೀರಾಗದು.

ಈಗ ಒಂಟೆಯ ಕಡೆ ಬರೋಣ. ನೀರಿಲ್ಲದಾಗ ಅದರ ಮೈಬಿಸಿ ದಿನವೊಂದರಲ್ಲೇ ಸುಮಾರು 34ರಿಂದ 41 ಡಿಗ್ರಿವರೆಗೆ ಏರಿಳಿಯುತ್ತದೆ. ಆದರೆ ವಿಜ್ಞಾನಿಗಳನ್ನು ಬೆರಗಾಗಿಸಿದ್ದು ಅದರ ಪ್ರತಿಕಾಯಗಳು, ಅಂದರೆ ರೋಗಾಣುಗಳನ್ನು ಹಿಡಿಯುವ ಪ್ರೋಟೀನುಗಳು. ನಮ್ಮ ಪ್ರತಿಕಾಯದಲ್ಲಿ ಎರಡು ಭಾರದ ಸರ, ಎರಡು ಹಗುರ ಸರ. ಬ್ರಸೆಲ್ಸ್‌ನ ರೇಮಂಡ್ ಹ್ಯಾಮರ್ಸ್ ತಂಡ 1993ರಲ್ಲಿ ತೋರಿಸಿದಂತೆ, ಒಂಟೆಯಲ್ಲಿ ಹಗುರ ಸರವೇ ಇಲ್ಲದ ಪ್ರತಿಕಾಯಗಳೂ ಇವೆ. ರೋಗಾಣುವನ್ನು ಹಿಡಿಯುವ ಅವುಗಳ ತುದಿಯನ್ನಷ್ಟೇ ಬೇರ್ಪಡಿಸಿದರೆ ಅದು ಇಡೀ ಪ್ರತಿಕಾಯದ ಹತ್ತನೇ ಒಂದು ಪಾಲು. ಅದೇ ನ್ಯಾನೋಬಾಡಿ. ಹಗುರ ಸರ ಅಂಟಬೇಕಿದ್ದ ಜಾಗದಲ್ಲಿ ಇದರಲ್ಲಿ ನೀರನ್ನು ಇಷ್ಟಪಡುವ ಅಮೈನೋ ಆಮ್ಲಗಳಿವೆ. ಹಾಗಾಗಿ ಕಾಯಿಸಿದಾಗ ಬಿಚ್ಚಿಕೊಂಡರೂ ಇವುಗಳಲ್ಲಿ ಹಲವು ಗಂಟಾಗದೆ, ತಣ್ಣಗಾದ ಮೇಲೆ ಮತ್ತೆ ಮೊದಲಿನಂತೆಯೇ ಮಡಚಿಕೊಳ್ಳುತ್ತವೆ.

ಇದು ಮರುಭೂಮಿಯ ಕೊಡುಗೆ ಎನ್ನಲು ಆಸೆಯಾಗುತ್ತದೆ. ಆದರೆ ಆಂಡಿಸ್ ಪರ್ವತದ ಚಳಿಯಲ್ಲಿ ಬದುಕುವ ಲಾಮಾ, ಅಲ್ಪಾಕಾಗಳಲ್ಲೂ ಇಂಥವೇ ಪ್ರತಿಕಾಯಗಳಿವೆ. ಬಿಸಿಲಿಗೂ ಇದಕ್ಕೂ ನೇರ ನಂಟು ಕಲ್ಪಿಸುವಂತಿಲ್ಲ.

ಪುಟ್ಟ ಗಾತ್ರದಿಂದಾಗಿ, ದೊಡ್ಡ ಪ್ರತಿಕಾಯ ನುಗ್ಗಲಾರದ ಸಂದಿಗಳಿಗೂ ನ್ಯಾನೋಬಾಡಿ ಹೊಕ್ಕು ಹಿಡಿಯುತ್ತದೆ. ಸೂಕ್ಷ್ಮ ರಕ್ತನಾಳಗಳಲ್ಲೆಲ್ಲ ಹೆಪ್ಪು ಕಟ್ಟುವ ಒಂದು ಅಪರೂಪದ ಕಾಯಿಲೆಗೆ ಈ ಬಗೆಯ ಮೊದಲ ಔಷಧಿ ಕ್ಯಾಪ್ಲಾಸಿಜುಮ್ಯಾಬ್, 2018ರಲ್ಲಿ ಯುರೋಪಿನಲ್ಲೂ ಮರುವರ್ಷ ಅಮೆರಿಕದಲ್ಲೂ ಒಪ್ಪಿಗೆ ಪಡೆಯಿತು.