57 ಲೆಂತ್‌ನಿಂದ ಗೆದ್ದ ಕುದುರೆಗೆ ಬೆಲೆ ಎಷ್ಟು?

ನವೆಂಬರ್ 2017. ಇಂಗ್ಲೆಂಡಿನ ಹೇಡಾಕ್ ರೇಸ್‌ಕೋರ್ಸ್. ಮಳೆ ಕುಡಿದು ಕುಡಿದು ನಾಟಿಗೆ ಸಿದ್ಧವಾದ ಗದ್ದೆಯ ಹಾಗಾಗಿದ್ದ ನೆಲ. ಅಲ್ಲಿ ನಡೆದ ಬೆಟ್‌ಫೇರ್ ಚೇಸ್ ಅನ್ನೋ ಮೂರು ಮೈಲಿಗೂ ಮಿಕ್ಕಿದ ರೇಸಿನಲ್ಲಿ ಬ್ರಿಸ್ಟಲ್ ಡಿ ಮೈ ಅನ್ನೋ ಬೂದು ಬಣ್ಣದ ಕುದುರೆ ಗೆದ್ದಿತು. ಎಷ್ಟು ಅಂತರದಿಂದ? 57 ಲೆಂತ್! ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ, ಸುಮಾರು ಎಂಟು ಅಡಿ. ಗುಣಿಸಿ ನೋಡಿ, 450 ಅಡಿ ದಾಟುತ್ತೆ. ಎರಡನೆಯದಾಗಿ ಬಂದದ್ದು ಯಾವುದೋ ಬಡಕಲು ಕುದುರೆಯೂ ಅಲ್ಲ. ಅದೇ ರೇಸನ್ನು ಅದಕ್ಕೂ ಮೊದಲು ಮೂರು ಸಲ ಗೆದ್ದಿದ್ದ ಕ್ಯೂ ಕಾರ್ಡ್.

ಅವತ್ತು ರಾತ್ರಿ ಯಾರನ್ನೇ ಕೇಳಿದ್ದರೂ ಒಂದೇ ಉತ್ತರ: ಇನ್ನು ಈ ಸೀಸನ್ ಈ ಕುದುರೆಯದ್ದೇ. ಒಂದು ತಿಂಗಳು ಕಳೀತು. ಡಿಸೆಂಬರ್ 26, ಕೆಂಪ್ಟನ್ ಪಾರ್ಕ್, ಕಿಂಗ್ ಜಾರ್ಜ್ ಚೇಸ್. ಗೆದ್ದದ್ದು ಮೈಟ್ ಬೈಟ್. ಎರಡನೇ ಸ್ಥಾನಕ್ಕೆ ಬಂದದ್ದು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದಿದ್ದ ಡಬಲ್ ಷಫಲ್. ನಮ್ಮ 57 ಲೆಂತ್‌ನ ಹೀರೋ ಮೊದಲ ಮೂರರಲ್ಲೂ ಇರಲಿಲ್ಲ.

ಕುದುರೆ ಅದೇ. ಹಾಗಾದರೆ ಬದಲಾಗಿದ್ದು ಏನು?

ಇದನ್ನು ಈಗ ಯಾಕೆ ಎತ್ತಿಕೊಂಡೆ ಅಂದರೆ, ಹೇಡಾಕ್‌ನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಓಡುವ ರೇಸು ನವೆಂಬರಿನಲ್ಲಿ ನಮಗೆ ರಾತ್ರಿ ಎಂಟೂವರೆ. ಊಟದ ಹೊತ್ತು, ಕೈಯಲ್ಲಿ ಫೋನು. ಆ ಕುದುರೆಯನ್ನು ಕಣ್ಣಿಂದ ನೋಡದವರು, ಆ ನೆಲದ ಮೇಲೆ ಕಾಲಿಡದವರು, ಜಿಗಿತದ ರೇಸು ಅಂದರೇನು ಅಂತಲೇ ಗೊತ್ತಿಲ್ಲದವರು ಯಾವುದೋ ಗ್ರೂಪಿನಲ್ಲಿ ಬಂದ ‘ಪಕ್ಕಾ ಟಿಪ್’ ನಂಬಿ ದುಡ್ಡು ಹಾಕ್ತಾರೆ. ಟಿಪ್ ಕೊಡೋದು ನನ್ನ ಕೆಲಸ ಅಲ್ಲ. ಆದರೆ ಆ ಸಂಖ್ಯೆಗಳು ಏನು ಹೇಳ್ತವೆ, ಏನನ್ನು ಹೇಳೋದಿಲ್ಲ ಅನ್ನೋದನ್ನು ಬಿಡಿಸಿ ಹೇಳಬಲ್ಲೆ.

ಮೊದಲು ಆಟ. ಬೆಂಗಳೂರು, ಮೈಸೂರಿನಲ್ಲಿ ನಾವು ನೋಡೋದು ಬಯಲು ಓಟ. ಅಡ್ಡಿ ಇಲ್ಲ, ಆತಂಕ ಇಲ್ಲ, ನೇರ ವೇಗ. ಬ್ರಿಟನ್, ಐರ್ಲೆಂಡಿನ ಚಳಿಗಾಲದ ಆಟ ಬೇರೆ. 1752ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಇಬ್ಬರು ಬಟವಂಟ್ ಚರ್ಚಿನ ಗೋಪುರದಿಂದ ಡೊನರೈಲ್ ಚರ್ಚಿನ ಗೋಪುರದವರೆಗೆ ಹಳ್ಳ, ಬೇಲಿ, ಕಲ್ಲುಗೋಡೆ ಹಾರಿಸಿಕೊಂಡು ಪಂದ್ಯ ಕಟ್ಟಿದರು ಅಂತ ಹೇಳ್ತಾರೆ. ಗೋಪುರಕ್ಕೆ ಇಂಗ್ಲಿಷಿನಲ್ಲಿ ಸ್ಟೀಪಲ್. ಸ್ಟೀಪಲ್‌ಚೇಸ್ ಅನ್ನೋ ಹೆಸರು ಬಂದದ್ದು ಹಾಗೆ. ಈಗಿನ ಬೇಲಿ ಕನಿಷ್ಠ ನಾಲ್ಕೂವರೆ ಅಡಿ ಎತ್ತರ. ಹರ್ಡಲ್ ಅಂತ ಇನ್ನೊಂದು ಬಗೆ ಇದೆ, ಅದು ಮೂರೂವರೆ ಅಡಿ. ಎರಡು ಮೈಲಿಯಿಂದ ನಾಲ್ಕು ಮೈಲಿಗೂ ಹೆಚ್ಚು ದೂರ. ಬಯಲು ಓಟದಲ್ಲಿ ಒಳ್ಳೆ ಕುದುರೆ ಸೋತರೆ ಎರಡನೆಯದೋ ಮೂರನೆಯದೋ ಬರುತ್ತೆ. ಇಲ್ಲಿ ಸೋಲೋದು ಅಂದರೆ ಬಿದ್ದೇ ಹೋಗಬಹುದು. ಕುದುರೆಗಳು ಸಾಯ್ತವೆ ಕೂಡ. ಆ ಒತ್ತಡದಿಂದಲೇ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಓಡುವ ಕುದುರೆಗಳ ಸಂಖ್ಯೆಯನ್ನು 2024ರಿಂದ 40ರಿಂದ 34ಕ್ಕೆ ಇಳಿಸಿದ್ದು.

ಕಾಗದದ ಮೇಲೆ ಅಲ್ಲಿನ ಸೀಸನ್ ಬೇಸಿಗೆಗೆ ಮುಂಚೆಯೇ ಶುರು. ದೊಡ್ಡ ಕುದುರೆಗಳು ಲಾಯದಿಂದ ಹೊರಗೆ ಬರೋದು ಮಾತ್ರ ಅಕ್ಟೋಬರ್, ನವೆಂಬರಿನಲ್ಲಿ. ಅವುಗಳ ಕಣ್ಣೆಲ್ಲ ಮಾರ್ಚ್ ತಿಂಗಳ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಮೇಲೆ.

ಈಗ ಬೆಲೆಗೆ ಬರೋಣ. ಬುಕ್ಕಿಯ ಬೋರ್ಡಿನಲ್ಲಿ 4/1 ಅಂತಿದೆ. ಅರ್ಥ ಸರಳ: ಒಂದು ಹಾಕಿದರೆ ಗೆದ್ದಾಗ ನಾಲ್ಕು ಲಾಭ, ಜತೆಗೆ ಹಾಕಿದ ಒಂದು ವಾಪಸ್. ಇನ್ನೊಂದು ಕಡೆಯಿಂದ ಓದಿ. ಐದು ಸಲ ಓಡಿದರೆ ಒಂದು ಸಲ ಗೆಲ್ಲುತ್ತೆ ಅನ್ನೋ ಅಂದಾಜು ಅದು, ಅಂದರೆ ಶೇ. 20. ಇದೇ ಲೆಕ್ಕದಲ್ಲಿ 3/1 ಅಂದರೆ ಶೇ. 25, 9/1 ಅಂದರೆ ಶೇ. 10.

ಉದಾಹರಣೆಗೆ ಐದು ಕುದುರೆಗಳ ರೇಸು ಅಂತಿಟ್ಟುಕೊಳ್ಳಿ. ಬೆಲೆಗಳು 6/4, 3/1, 4/1, 5/1, 9/1. ಶೇಕಡಾವಾರು ಬರೆದರೆ 40, 25, 20, 16.7, 10. ಕೂಡಿಸಿ. 111.7 ಬಂತು. ಗೆಲ್ಲೋದು ಒಂದೇ ಕುದುರೆ, ಸಾಧ್ಯತೆಗಳೆಲ್ಲ ಸೇರಿ ನೂರು ಆಗಬೇಕಿತ್ತಲ್ವಾ? ಆ ಮೇಲಿನ 11.7 ಇದೆಯಲ್ಲ, ಅದೇ ಬುಕ್ಕಿಯ ಮನೆಯ ಅಕ್ಕಿ ಬೇಳೆ. ಪ್ರತಿ ಕುದುರೆಗೂ ಅದರ ನಿಜವಾದ ಸಾಧ್ಯತೆಗಿಂತ ಚೂರು ಕಡಿಮೆ ಬೆಲೆ ಕೊಟ್ಟು ಆತ ತನ್ನ ಪಾಲನ್ನು ಮೊದಲೇ ತೆಗೆದಿಟ್ಟುಕೊಂಡಿರ್ತಾನೆ. ನಮ್ಮ ಕಡೆ ತಕ್ಕಡಿಯಲ್ಲಿ ಹೊಡೆಯೋದು ಅಂತಾರಲ್ಲ, ಆದರೆ ಇಲ್ಲಿ ಬಚ್ಚಿಡೋದು ಏನೂ ಇಲ್ಲ, ಬೋರ್ಡಿನ ಮೇಲೇ ಬರೆದಿರುತ್ತೆ. ಕೂಡಿಸಿ ನೋಡುವವರು ಕಡಿಮೆ, ಅಷ್ಟೇ.

ಇನ್ನೊಂದು ಮಾತು. ಬೆಲೆ ಅನ್ನೋದು ಭವಿಷ್ಯವಾಣಿ ಅಲ್ಲ. ಜನ ಎಲ್ಲಿ ದುಡ್ಡು ಸುರೀತಾ ಇದ್ದಾರೆ ಅನ್ನೋದೂ ಅದರಲ್ಲಿ ಸೇರಿರುತ್ತೆ. ಫೇವರಿಟ್ ಅಂದ ತಕ್ಷಣ ಗೆಲ್ಲೋ ಕುದುರೆ ಅಂದ್ಕೊಳ್ತೀವಿ. ಫೇವರಿಟ್‌ಗಳು ಗೆಲ್ಲೋದು ಸುಮಾರು ಮೂರು ರೇಸಿಗೆ ಒಂದು. (ಎಕ್ಸಿಟ್ ಪೋಲ್ ರಾತ್ರಿಗಳಲ್ಲಿ ಸ್ಟುಡಿಯೋದಲ್ಲಿ ಕೂತಾಗೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತೆ. ಶೇ. 60 ಅಂದರೆ ಆಗಿಯೇ ಬಿಟ್ಟಿತು ಅಂತ ಕೇಳಿಸಿಕೊಳ್ಳುವ ಕಿವಿ ನಮ್ಮದು.)

ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಯಾವ ಕುದುರೆ ಗೆಲ್ಲುತ್ತೆ’ ಅನ್ನೋದಲ್ಲ. ‘ಈ ಬೆಲೆಗೆ ಈ ಕುದುರೆ ದುಬಾರಿಯೋ, ಅಗ್ಗವೋ’ ಅನ್ನೋದು. ಸೀಸನ್ನಿನ ಆರಂಭದಲ್ಲಿ ಇದನ್ನು ಅಳೆಯೋದು ಬಹಳ ಕಷ್ಟ. ಯಾಕೆಂದರೆ ಕೈಯಲ್ಲಿರುವ ಪುರಾವೆಯೆಲ್ಲ ಕಳೆದ ವಸಂತದ್ದು.

ಬ್ರಿಸ್ಟಲ್ ಡಿ ಮೈ ವಿಷಯಕ್ಕೆ ವಾಪಸ್ ಬರ್ತೀನಿ. ಮೊದಲನೆಯದು ನೆಲ. ಬ್ರಿಟನ್ನಿನಲ್ಲಿ ನೆಲದ ಸ್ಥಿತಿಯನ್ನು ಅಧಿಕೃತವಾಗಿ ಪ್ರಕಟಿಸ್ತಾರೆ: ಗುಡ್, ಸಾಫ್ಟ್, ಹೆವಿ, ಹೀಗೆ. ಹೆವಿ ಅಂದರೆ ಕಾಲು ಹೂತು ಹೋಗುವ ಕೆಸರು. ಕೆಲವು ಕುದುರೆಗಳಿಗೆ ಅದು ಶತ್ರು, ಕೆಲವಕ್ಕೆ ಅದೇ ತವರುಮನೆ. ಬ್ರಿಸ್ಟಲ್ ಡಿ ಮೈ ಎರಡನೇ ಜಾತಿ. ಹೇಡಾಕ್ ಎಡಕ್ಕೆ ತಿರುಗುವ ಮೈದಾನ, ಕೆಂಪ್ಟನ್ ಬಲಕ್ಕೆ ತಿರುಗುವ, ವೇಗ ಬೇಡುವ ಮೈದಾನ. ಮಾರನೇ ವರ್ಷ ಅದೇ ಕುದುರೆ ಅದೇ ಹೇಡಾಕ್‌ಗೆ ಬಂತು, ಆ ವರ್ಷದ ಗೋಲ್ಡ್ ಕಪ್ ಗೆದ್ದಿದ್ದ ನೇಟಿವ್ ರಿವರನ್ನೇ ಹಿಂದೆ ಹಾಕಿತು. 2020ರಲ್ಲಿ ಮೂರನೇ ಸಲ ಗೆದ್ದಿತು. ಗೋಲ್ಡ್ ಕಪ್ ಮಾತ್ರ ಕೊನೆಗೂ ಕೈಗೆ ಸಿಗಲಿಲ್ಲ. ಹಾಗಂತ 57 ಲೆಂತ್ ಅನ್ನೋದು ಸುಳ್ಳಲ್ಲ. ಅದು ಹೇಡಾಕ್‌ನ ಕೆಸರಿಗೆ ಮಾತ್ರ ಅನ್ವಯಿಸುವ ನಿಜ. ಅದನ್ನು ಕೆಂಪ್ಟನ್‌ಗೆ ಹೊತ್ತೊಯ್ದವರು ದುಡ್ಡು ಕಳ್ಕೊಂಡರು.

ಎರಡನೆಯದು ದೇಹ. ಬೇಸಿಗೆಯಿಡೀ ಹುಲ್ಲು ಮೇಯ್ದ ಕುದುರೆ ಮೊದಲ ಓಟಕ್ಕೆ ಎಷ್ಟು ತಯಾರು? ಎ ಪ್ಲು ತಾರ್ ಕತೆ ಕೇಳಿ. 2021ರ ನವೆಂಬರಿನಲ್ಲಿ ಹೇಡಾಕ್‌ನಲ್ಲಿ 22 ಲೆಂತ್ ಅಂತರದ ಗೆಲುವು. 2022ರ ಮಾರ್ಚಿನಲ್ಲಿ ಗೋಲ್ಡ್ ಕಪ್, 15 ಲೆಂತ್. ಬೆನ್ನ ಮೇಲೆ ರೇಚಲ್ ಬ್ಲ್ಯಾಕ್‌ಮೋರ್, ಹಿಂದಿನ ವರ್ಷ ಗ್ರ್ಯಾಂಡ್ ನ್ಯಾಷನಲ್ ಗೆದ್ದ ಮೊದಲ ಮಹಿಳಾ ಜಾಕಿ. ಅದೇ ನವೆಂಬರಿನಲ್ಲಿ ಮತ್ತೆ ಹೇಡಾಕ್. ಮೈದಾನ ಗೊತ್ತಿದ್ದದ್ದೇ, ದೂರ ಗೊತ್ತಿದ್ದದ್ದೇ, ಹಳೇ ಗೆಲುವು ಕಣ್ಣ ಮುಂದಿದೆ. ಫೇವರಿಟ್ ಬೇರೆ ಯಾರು ಆಗ್ತಾರೆ? ಆದರೆ ರೇಸಿನ ನಡುವೆ ಜಾಕಿ ಲಗಾಮು ಎಳೆದು ಕುದುರೆಯನ್ನು ನಿಲ್ಲಿಸಿಬಿಟ್ಟರು. ಓಟ ಮುಗಿಸಲೇ ಇಲ್ಲ. ಗೆದ್ದದ್ದು ಪ್ರೊಟೆಕ್ಟೊರಾಟ್. ಮಾರ್ಚಿನ ಕುದುರೆಯೇ ನವೆಂಬರಿನಲ್ಲಿ ಬರುತ್ತೆ ಅಂತ ಬೆಲೆ ನಂಬಿತ್ತು.

ರೇಸ್ ಕಾರ್ಡಿನಲ್ಲಿ ಒಂದು ಸಣ್ಣ ಗುರುತನ್ನು ಬಹಳ ಜನ ದಾಟಿ ಹೋಗ್ತಾರೆ. ಕುದುರೆಯ ಉಸಿರಾಟದ ದಾರಿಗೆ ಶಸ್ತ್ರಚಿಕಿತ್ಸೆ ಆಗಿದ್ದರೆ ಅದನ್ನು ಘೋಷಿಸಲೇಬೇಕು ಅನ್ನೋ ನಿಯಮ ಬ್ರಿಟನ್ನಿನಲ್ಲಿ 2018ರ ಜನವರಿಯಿಂದ ಇದೆ. ಬೇಸಿಗೆ ರಜೆಯಲ್ಲೇ ಇಂಥ ರಿಪೇರಿಗೆ ಪುರುಸೊತ್ತು. ಅಂಥ ಕುದುರೆಯ ಹಳೇ ಸೋಲುಗಳನ್ನು ಹಾಗ್ಹಾಗೇ ತೂಗೋದಕ್ಕೆ ಆಗೋದಿಲ್ಲ.

ಮೂರನೆಯದು ಟ್ರೈನರ್ ಮನಸ್ಸು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಐರ್ಲೆಂಡಿನ ವಿಲ್ಲಿ ಮಲಿನ್ಸ್ ಅವರ ಗ್ಯಾಲೊಪಾಂ ದೆ ಶಾಂ 2023ರಲ್ಲಿ ಗೋಲ್ಡ್ ಕಪ್ ಗೆದ್ದಿತು. ಆ ನವೆಂಬರಿನಲ್ಲಿ ಪಂಚಸ್‌ಟೌನ್‌ನ ಜಾನ್ ಡರ್ಕನ್ ಚೇಸ್‌ನಲ್ಲಿ ಸೋತಿತು, ಗೆದ್ದದ್ದು ಫಾಸ್ಟರ್‌ಸ್ಲೋ. ‘ಮುಗೀತು ಇದರ ಕತೆ’ ಅಂದವರಿದ್ದರು. ಕ್ರಿಸ್‌ಮಸ್ ಹೊತ್ತಿಗೆ ಲೆಪರ್ಡ್ಸ್‌ಟೌನ್‌ನಲ್ಲಿ ಭಾರೀ ಅಂತರದ ಗೆಲುವು, 2024ರ ಮಾರ್ಚಿನಲ್ಲಿ ಎರಡನೇ ಗೋಲ್ಡ್ ಕಪ್. 2024ರ ನವೆಂಬರಿನಲ್ಲಿ ಅದೇ ಡರ್ಕನ್, ಮತ್ತೆ ಸೋಲು. ಆ ರೇಸು ಎರಡೂವರೆ ಮೈಲಿ ಆಸುಪಾಸಿನದು, ಈ ಕುದುರೆಯ ಶಕ್ತಿ ಇರೋದು ಮೂರು ಮೈಲಿಯಾಚೆ. ಮದುವೆ ಮಾರ್ಚಿನಲ್ಲಿ ಇಟ್ಟುಕೊಂಡವರು ನವೆಂಬರಿನಲ್ಲೇ ಚಪ್ಪರ ಹಾಕ್ತಾರಾ?

ಅಲ್ಲಿ ಇನ್ನೊಂದು ಬಲೆ ಇದೆ. ಆಂಟಿ-ಪೋಸ್ಟ್ ಬಾಜಿ. ಅಂದರೆ ಮಾರ್ಚಿನ ರೇಸಿಗೆ ನವೆಂಬರಿನಲ್ಲೇ ದುಡ್ಡು ಕಟ್ಟೋದು. ಬೆಲೆ ಆಕರ್ಷಕವಾಗಿರುತ್ತೆ, 10/1, 20/1. ಯಾಕಷ್ಟು ಧಾರಾಳ? ಸಾಮಾನ್ಯ ನಿಯಮದಂತೆ ಕುದುರೆ ಓಡದೇ ಹೋದರೂ ನಿಮ್ಮ ದುಡ್ಡು ವಾಪಸ್ ಬರೋದಿಲ್ಲ. ಕಾಲು ಉಳುಕಿತು, ಹೋಯ್ತು. ಮಾಲೀಕ ಬೇರೆ ರೇಸು ಆರಿಸಿಕೊಂಡ, ಹೋಯ್ತು. ನಾಲ್ಕು ತಿಂಗಳಿನ ಅಪಾಯವನ್ನೆಲ್ಲ ನೀವು ಹೊತ್ತುಕೊಳ್ತೀರಿ, ಅದಕ್ಕೆ ಕೊಡುವ ಕೂಲಿ ಆ ದೊಡ್ಡ ಬೆಲೆ. ಇದರ ಇನ್ನೊಂದು ಮುಖ 2025ರ ಗೋಲ್ಡ್ ಕಪ್‌ನಲ್ಲಿ ಕಂಡಿತು. ಗ್ಯಾಲೊಪಾಂ ದೆ ಶಾಂ ಮೂರನೇ ಸಲ ಗೆಲ್ಲುತ್ತೆ ಅಂತ ಜನ ಎಷ್ಟು ನಂಬಿದ್ದರು ಅಂದರೆ, ಒಂದು ಹಾಕಿದರೆ ಒಂದು ಲಾಭವೂ ಸಿಗದಷ್ಟು ಬೆಲೆ ಕುಸಿದಿತ್ತು. ಗೆದ್ದದ್ದು ಇನೊದವೇಯುಆರ್‌ಥಿಂಕಿನ್, ಬೆಲೆ 15/2. ತಮಾಷೆ ಏನು ಗೊತ್ತಾ? ಆ ಕುದುರೆ ಮೊದಲಿನ ಪಟ್ಟಿಯಲ್ಲೇ ಇರಲಿಲ್ಲ. ಕೊನೆಯ ಹಂತದಲ್ಲಿ 25,000 ಪೌಂಡ್ ಕಟ್ಟಿ ಸೇರಿಸಿದ್ದರು. ಆ ಮೊದಲ ಪಟ್ಟಿ ಹಿಡಿದು ಕೂತು ಎಷ್ಟೇ ತಲೆ ಓಡಿಸಿದ್ದರೂ ಉತ್ತರ ಅದರೊಳಗೆ ಇರಲಿಲ್ಲ.

ಹ್ಯಾಂಡಿಕ್ಯಾಪ್ ರೇಸುಗಳ ಬಗ್ಗೆ ಎರಡೇ ಮಾತು. ಅಲ್ಲಿ ಒಳ್ಳೆ ಕುದುರೆಗೆ ಹೆಚ್ಚು ಭಾರ ಹೊರಿಸಿ ಎಲ್ಲರನ್ನೂ ಸಮ ಮಾಡ್ತಾರೆ. ನವೆಂಬರ್ ಕೊನೆಗೆ ನ್ಯೂಬರಿಯಲ್ಲಿ ನಡೆಯುವ ಹಳೇ ಹೆನೆಸಿ ಗೋಲ್ಡ್ ಕಪ್ (ಈಗ ಹೆಸರು ಕೋರಲ್ ಗೋಲ್ಡ್ ಕಪ್) ಇಂಥದ್ದು. ಡೆನ್ಮನ್ ಅನ್ನೋ ಕುದುರೆ 2007, 2009 ಎರಡೂ ಸಲ 11 ಸ್ಟೋನ್ 12 ಪೌಂಡ್, ಅಂದರೆ ಸುಮಾರು 75 ಕೆ.ಜಿ. ಹೊತ್ತು ಗೆದ್ದಿತು. ಅದು ಅಪರೂಪ. ಸಾಮಾನ್ಯವಾಗಿ ಇಲ್ಲಿ ಹುಡುಕೋದು ಇನ್ನೂ ಬೆಳೀತಾ ಇರುವ, ತೂಕ ಹಾಕುವವರ ಅಂದಾಜಿಗಿಂತ ಒಂದು ಹೆಜ್ಜೆ ಮುಂದಿರುವ ಎಳೆ ಕುದುರೆಯನ್ನ.

ಕೊನೆಗೆ ನಮ್ಮ ಕಡೆಯ ಲೆಕ್ಕ. ಬ್ರಿಟನ್ನಿನಲ್ಲಿ ಬಾಜಿ ಕಟ್ಟುವವನ ಮೇಲಿನ ತೆರಿಗೆಯನ್ನು 2001ರಲ್ಲೇ ತೆಗೆದುಹಾಕಿ ಬುಕ್ಕಿಯ ಲಾಭದ ಮೇಲೆ ಹಾಕಿದರು. ಆ ಲಾಭದಲ್ಲಿ ಒಂದು ಪಾಲು ಲೆವಿ ರೂಪದಲ್ಲಿ ರೇಸಿಂಗ್‌ಗೇ ವಾಪಸ್ ಹೋಗುತ್ತೆ. ನಮ್ಮಲ್ಲಿ ಕುದುರೆ ರೇಸು ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಆದರೆ ಬಾಜಿಯ ಮೇಲೆ ಶೇ. 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 40. ಅದಕ್ಕೂ ಒಂದು ತಿಂಗಳು ಮೊದಲು ಸಂಸತ್ತು ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸುವ ಕಾನೂನು ಪಾಸು ಮಾಡಿತು. ರಾತ್ರಿ ಎಂಟೂವರೆಗೆ ಯಾವುದೋ ದೇಶದ ಆ್ಯಪಿನಲ್ಲಿ ಹೇಡಾಕ್ ರೇಸಿಗೆ ದುಡ್ಡು ಕಟ್ಟಿ ಗೆದ್ದಿರಿ ಅಂತಲೇ ಇಟ್ಟುಕೊಳ್ಳಿ. ಆತ ಕೊಡಲಿಲ್ಲ ಅಂದರೆ ಯಾವ ಸ್ಟೇಷನ್ನಿಗೆ ಹೋಗಿ ದೂರು ಬರೆಸ್ತೀರಿ?

ಕಾನೂನಿನ ಪ್ರಕಾರವೇ ಆಡ್ತೀನಿ ಅನ್ನುವವರು ಈ ಗುಣಾಕಾರ ಮಾಡಿ. 100 ರೂಪಾಯಿಯ ಬಾಜಿ, ಮೇಲೆ 40 ತೆರಿಗೆ, ಕೈ ಬಿಡೋದು 140. ಬೆಲೆ 4/1, ಗೆದ್ದರೆ ಬರೋದು 500. ತೆರಿಗೆ ಇಲ್ಲದಿದ್ದರೆ ಐದರಲ್ಲಿ ಒಂದು ಗೆದ್ದರೂ ಅಸಲಿಗೆ ಮೋಸವಿಲ್ಲ. ಈಗ ಅಸಲು ಉಳಿಯಬೇಕಾದರೆ ನೂರಕ್ಕೆ 28 ಸಲ ಗೆಲ್ಲಬೇಕು. ಬುಕ್ಕಿಯೂ, ಪೇಪರಿನವರೂ, ಕುದುರೆಯ ಮಾಲೀಕನೂ ಶೇ. 20 ಅಂತ ಅಂದಾಜು ಮಾಡಿರುವ ಕುದುರೆ ಅದು.