ಹಳೆಯ ಕೊಯ್ಲುಯಂತ್ರಕ್ಕೆ ಇಳುವರಿಮಾಪಕವನ್ನು ಆಯುವ ವಿಚಾರ

ಸಿರುಗುಪ್ಪದ ಸೀಮೆಯಲ್ಲಿ ಭತ್ತವು ಹೇಗೆ ಬಂದಿತೆಂದು ಕೇಳಿದರೆ ರೈತನು ಚೀಲದ ಲೆಕ್ಕದಲ್ಲಿ ಉತ್ತರ ಕೊಡುವನು. ‘ಎಕರೆಗೆ ನಲವತ್ತು ಚೀಲ’ ಎಂಬಲ್ಲಿ ಚೀಲವೆಂದರೆ ೭೫ ಕಿಲೋಗ್ರಾಂ ಎಂಬುದು ಈ ಕಡೆಯ ವ್ಯಾಪಾರದಲ್ಲಿ ರೂಢವಾದ ಮಾನ. ಆದರೆ ಆ ಎಕರೆಯು ಪಹಣಿಯಲ್ಲಿ ಬರೆದ ಎಕರೆಯೋ, ಬದು ಕಾಲುವೆಗಳನ್ನು ಕಳೆದು ನಾಟಿಯಾದಷ್ಟೇ ನೆಲವೋ, ಆ ಕಾಳು ಯಂತ್ರದಿಂದ ಸುರಿದ ಹಸಿಕಾಳೋ, ಕಣದಲ್ಲಿ ಒಣಗಿದುದೋ, ಮಾತಿನಿಂದ ತಿಳಿಯಲಾರದು. ಗುತ್ತಿಗೆಯ ಕರಾರು, ಸಾಲದ ತೀರುವಳಿ, ಮುಂದಿನ ಬೆಳೆಗೆ ಹಾಕತಕ್ಕ ಗೊಬ್ಬರದ ಪ್ರಮಾಣ, ಇವೆಲ್ಲವೂ ಈ ಒಂದು ಸಂಖ್ಯೆಯನ್ನು ನೆಮ್ಮಿರುವುವು. ಆದುದರಿಂದ ಕೊಯ್ಯುವ ಯಂತ್ರದಲ್ಲಿಯೇ ಇಳುವರಿಯನ್ನು ಅಳೆಯುವ ಉಪಕರಣವನ್ನು ಕೂಡಿಸಬಹುದೆ, ಅದೂ ಹತ್ತು ಹದಿನೈದು ಸುಗ್ಗಿಗಳನ್ನು ಕಂಡ ಹಳೆಯ ಯಂತ್ರಕ್ಕೆ ಯಾವುದು ಒಪ್ಪುವುದು ಎಂಬ ಪ್ರಶ್ನೆಯು ವಿಚಾರಾರ್ಹವಾದುದು.

ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದವನಿಗೆ ಯಂತ್ರದ ಗೊಡವೆ ಏಕೆಂದು ಕೆಲವರು ಕೇಳಬಹುದು. ಮಾನೋನ್ಮಾನಗಳ ವಿಷಯವು ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತುಲಾಮಾನಗಳಿಗೆಂದೇ ಒಂದು ಅಧ್ಯಾಯವುಂಟು. ಅಲ್ಲಿ ದ್ರೋಣವೆಂಬ ಹೆಸರು ಒಂದೇ ಆದರೂ ರಾಜಾದಾಯದ ದ್ರೋಣಕ್ಕೆ ೨೦೦ ಪಲ, ವ್ಯವಹಾರದ ದ್ರೋಣಕ್ಕೆ ೧೮೭½, ಭೃತ್ಯರಿಗೆ ಅಳೆದುಕೊಡುವುದಕ್ಕೆ ೧೭೫, ಅಂತಃಪುರಕ್ಕೆ ೧೬೨½ ಎಂದು ತೂಕವು ಬೇರೆ ಬೇರೆಯಾಗಿರುವುದು. ಮಾನಗಳನ್ನು ನಾಲ್ಕು ತಿಂಗಳಿಗೊಮ್ಮೆ ಪರೀಕ್ಷಿಸಿ ಮುದ್ರೆಯೊತ್ತಬೇಕೆಂಬ ವಿಧಿಯೂ ಅಲ್ಲಿಯೇ ಇದೆ. ಸಿಂದರ ರಾಜಧಾನಿಯಾಗಿದ್ದ ಕುರುಗೋಡೂ ಸೇರಿದಂತೆ ಈ ನಾಡಿನ ಹಳೆಯ ಶಾಸನಗಳಲ್ಲಿ ಭೂಮಿಯನ್ನು ಮತ್ತರಿನ ಲೆಕ್ಕದಲ್ಲಿ ದಾನಮಾಡುವಾಗ ಅದನ್ನು ಯಾವ ಗಳೆಯಿಂದ ಅಳೆದರೆಂಬುದನ್ನೂ ಹೆಸರಿಸುವ ಪದ್ಧತಿಯನ್ನು ಶಾಸನಾಭ್ಯಾಸಿಗಳು ಬಲ್ಲರು. ಗಳೆಯನ್ನು ಹೇಳದ ಮತ್ತರು ಬರಿಯ ಶಬ್ದ. ಇಂದಿನ ವಿದ್ಯುನ್ಮಾಪಕಕ್ಕೂ ಈ ನ್ಯಾಯವು ಸಲ್ಲುವುದೆಂಬುದು ಮುಂದೆ ಗೊತ್ತಾಗುವುದು.

ಕೊಯ್ದು, ಬಡಿದು, ತೂರಿ, ಕಾಳನ್ನು ಪೆಟ್ಟಿಗೆಗೆ ತುಂಬುವ ಒಂದೇ ಯಂತ್ರವನ್ನು ಅಮೆರಿಕದ ಹೈರಮ್ ಮೂರ್ ಎಂಬವನು ೧೮೩೦ರ ದಶಕದಲ್ಲಿ ಕಟ್ಟಿದನು. ನಮ್ಮ ದೇಶದಲ್ಲಿ ಪಂಜಾಬ್ ಟ್ರ್ಯಾಕ್ಟರ್ಸ್ ಸಂಸ್ಥೆಯು ೧೯೮೦ರಲ್ಲಿ ‘ಸ್ವರಾಜ್ ೮೧೦೦’ ಎಂಬುದನ್ನು ಹೊರತಂದಿತು. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದ ಮೇಲೆ ಭತ್ತದ ಬಯಲಾದ ಈ ಸೀಮೆಗೆ ಇಂತಹ ಯಂತ್ರಗಳು ಬಹುಮಟ್ಟಿಗೆ ಬಾಡಿಗೆಗೆ ಬರುವುವು. ನೆಲವು ಒಣಗಿದ್ದರೆ ಟೈರಿನ ಗಾಡಿ, ಕೆಸರಿದ್ದರೆ ಚೈನಿನ ಗಾಡಿ. ಹಳೆಯವುಗಳಲ್ಲಿ ಇಳುವರಿಯನ್ನು ತೋರಿಸುವ ಅಂಗವು ಇರುವುದಿಲ್ಲ. ಅದನ್ನು ಹೊರಗಿನಿಂದ ತಂದು ಜೋಡಿಸಬೇಕು.

ಮೊದಲು ಈ ಉಪಕರಣದ ಸ್ವರೂಪವನ್ನು ತಿಳಿಯೋಣ. ಅದು ಕಾಳನ್ನು ತೂಗುವುದಿಲ್ಲ, ತೂಕವನ್ನು ಊಹಿಸುವುದು. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ ಇದು ಪ್ರತ್ಯಕ್ಷವಲ್ಲ, ಅನುಮಾನ. ತೂರಿದ ಕಾಳು ಯಂತ್ರದ ತಳದಿಂದ ಮೇಲಿನ ಪೆಟ್ಟಿಗೆಗೆ ಏರುವುದು ಒಂದು ಕೊಳವೆಯ ಮೂಲಕ. ಅದರೊಳಗೆ ಸರಪಣಿಗೆ ಕಟ್ಟಿದ ರಬ್ಬರಿನ ಹಲಗೆಗಳು ಕಾಳನ್ನು ಹೊತ್ತು ಮೇಲಕ್ಕೆ ಒಯ್ಯುವುವು. ಮೆಕ್ಯಾನಿಕರು ಇದನ್ನು ಎಲಿವೇಟರೆಂದು ಕರೆಯುವರು. ಕೊಳವೆಯ ತುದಿಯಲ್ಲಿ ಕಾಳು ಚಿಮ್ಮಿ ಬೀಳುವೆಡೆಯಲ್ಲಿ ಒಂದು ತಗಡನ್ನು ನಿಲ್ಲಿಸಿ, ಅದಕ್ಕೆ ತಗಲುವ ಪೆಟ್ಟಿನ ಬಲವನ್ನು ಅಳೆಯುವುದು ಒಂದು ಬಗೆ. ಅಮೆರಿಕದ ಅಯೋವಾ ಸಂಸ್ಥಾನದ ಆಲ್ ಮೈಯರ್ಸ್ ಎಂಬವರು ೧೯೯೨ರಲ್ಲಿ ಮಾರಾಟಕ್ಕೆ ತಂದ ‘ಯೀಲ್ಡ್ ಮಾನಿಟರ್ ೨೦೦೦’ ಈ ಬಗೆಯದು. ಕೊಳವೆಯ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಬೆಳಕಿನ ಕಿರಣವನ್ನು ಹಾಯಿಸಿ, ಹಲಗೆಯ ಮೇಲಿನ ಕಾಳಿನ ರಾಶಿಯು ಅದನ್ನು ಎಷ್ಟು ಹೊತ್ತು ಮರೆಮಾಡಿತೆಂದು ಎಣಿಸುವುದು ಎರಡನೆಯ ಬಗೆ. ಹಳೆಯ ಯಂತ್ರಗಳಿಗೆಂದೇ ಮಾರುವ ಫಾರ್ಮ್‌ಟಿಆರ್‌ಎಕ್ಸ್, ಯೀಲ್ಡ್‌ಟ್ರ್ಯಾಕ್ ಮೊದಲಾದವು ಈ ವರ್ಗದವು. ಮೊದಲನೆಯದರಲ್ಲಿ ಹೇತುವು ಬಲ, ಎರಡನೆಯದರಲ್ಲಿ ಗಾತ್ರ. ಹೊಗೆಯಿಂದ ಬೆಂಕಿಯನ್ನು ಊಹಿಸುವವನಿಗೆ ಅವೆರಡರ ವ್ಯಾಪ್ತಿಯು ಹೇಗೆ ಮೊದಲೇ ತಿಳಿದಿರಬೇಕೋ ಹಾಗೆಯೇ ಇಲ್ಲಿ ಬಲಕ್ಕೂ ತೂಕಕ್ಕೂ, ಗಾತ್ರಕ್ಕೂ ತೂಕಕ್ಕೂ ಇರುವ ಸಂಬಂಧವನ್ನು ಮೊದಲೇ ನಿಶ್ಚಯಿಸಿರಬೇಕು.

ಆಯ್ಕೆಯ ಮೊದಲ ಪ್ರಶ್ನೆಯು ಇಲ್ಲಿಂದಲೇ ಹುಟ್ಟುವುದು. ನಿಮ್ಮ ಯಂತ್ರದಲ್ಲಿ ಕಾಳು ಹಲಗೆಯ ಎಲಿವೇಟರಿನಲ್ಲಿ ಏರುವುದೋ, ಅಥವಾ ತಿರುಪಿನಂತೆ ಸುತ್ತುವ ಆಗರಿನಲ್ಲಿಯೋ? ಚೈನಿನ ಗಾಡಿಗಳಲ್ಲಿ ಕೆಲವು ಆಗರಿನವು. ಅವುಗಳಲ್ಲಿ ಹಲಗೆಯೂ ಇಲ್ಲ, ಹಲಗೆಯ ಮೇಲಿನ ರಾಶಿಯೂ ಇಲ್ಲ. ಆದುದರಿಂದ ಎಲಿವೇಟರಿಗೆಂದು ಮಾಡಿದ ಉಪಕರಣವನ್ನು ಹಣಕೊಟ್ಟು ತಂದರೂ ಅದಕ್ಕೆ ಅಲ್ಲಿ ಎಡೆಯಿಲ್ಲ. ಜಪಾನಿನವರು ತಮ್ಮ ಭತ್ತದ ಯಂತ್ರಗಳಲ್ಲಿ ಇಳುವರಿಯನ್ನು ಅಳೆಯುವ ಅಂಗವನ್ನು ಕಾರ್ಖಾನೆಯಲ್ಲಿಯೇ ಕೂಡಿಸುವರು. ಕುಬೋಟ ಸಂಸ್ಥೆಯು ೨೦೧೪ರಿಂದ ಅಲ್ಲಿ ನಡೆಸುತ್ತಿರುವ ಏರ್ಪಾಡಿನಲ್ಲಿ ಕಾಳಿನ ತೂಕ, ಹಸಿ, ಪ್ರೋಟೀನು ಮೂರೂ ದಾಖಲಾಗುವುವು. ಆದರೆ ಅದು ಹೊಸ ಯಂತ್ರದೊಡನೆ ಬರುವುದು, ಹಳೆಯದಕ್ಕೆ ತೊಡಿಸುವುದಲ್ಲ. ಕೊಳ್ಳುವ ಮುನ್ನ ಪಕ್ಕದ ತಗಡನ್ನು ಬಿಚ್ಚಿಸಿ ಒಳಗನ್ನು ಕಣ್ಣಾರೆ ನೋಡುವುದಕ್ಕಿಂತ ಹೆಚ್ಚಿನ ಸಲಹೆಯು ಈ ವಿಷಯದಲ್ಲಿ ಬೇಡ.

ಎಲಿವೇಟರು ಇದ್ದ ಪಕ್ಷದಲ್ಲಿ ಎರಡು ಬಗೆಗಳ ತಾರತಮ್ಯವನ್ನು ನೋಡಬೇಕು. ಪೆಟ್ಟಿನ ತಗಡಿಗೆ ಕೊಳವೆಯ ತಲೆಯಲ್ಲಿ ಸ್ಥಳ ಬೇಕು. ಹಲಗೆಯ ತುದಿಗೂ ತಗಡಿಗೂ ನಡುವಿನ ಅಂತರವು ಮಾರ್ಪಡಕೂಡದು. ಸರಪಣಿಯ ವೇಗವನ್ನು ಅಳೆಯುವ ಬೇರೊಂದು ಅಂಗವೂ ಬೇಕು. ಹಳೆಯ ಯಂತ್ರದಲ್ಲಿ ಸರಪಣಿಯು ಸಡಿಲವಾಗಿರುವುದು, ಹಲಗೆಯು ಸವೆದಿರುವುದು, ಪಟ್ಟಿಯು ಜಾರುವುದು ಸಾಮಾನ್ಯ. ಸುಗ್ಗಿಯ ನಡುವೆ ಸರಪಣಿಯನ್ನು ಬಿಗಿದರೆ ಹಿಂದಿನ ವಾರದ ವ್ಯಾಪ್ತಿಯು ಈ ವಾರಕ್ಕೆ ಸಲ್ಲದು. ಬೆಳಕಿನ ಬಗೆಯನ್ನು ಕೂಡಿಸುವುದು ಸುಲಭ. ಕೊಳವೆಗೆ ಎದುರುಬದುರಾಗಿ ಎರಡು ತೂತುಗಳನ್ನು ಕೊರೆದರೆ ಮುಗಿಯಿತು. ಅದರ ದೋಷ ಬೇರೆ. ಗಾಡಿಯು ವಾಲಿದಾಗ ರಾಶಿಯು ಒಂದು ಕಡೆಗೆ ಸರಿಯುವುದು. ಭತ್ತದ ಧೂಳು ಗಾಜಿಗೆ ಮೆತ್ತುವುದು. ಗಾತ್ರವನ್ನು ತೂಕಕ್ಕೆ ತಿರುಗಿಸಲು ಕಾಳಿನ ಸಾಂದ್ರತೆಯನ್ನು ನಾವೇ ಹೇಳಿಕೊಡಬೇಕು. ಭತ್ತದ ಒಂದು ಘನಮೀಟರು ಸುಮಾರು ೫೫೦ರಿಂದ ೬೦೦ ಕಿಲೋ ತೂಗಿದರೆ ಗೋಧಿಯದು ೭೫೦ನ್ನು ಮೀರುವುದು. ಗೋಧಿಯ ನಾಡಿನಲ್ಲಿ ಹೊಂದಿಸಿದ ಉಪಕರಣವನ್ನು ಹಾಗೆಯೇ ಸಿರುಗುಪ್ಪದ ಗದ್ದೆಗೆ ಇಳಿಸಿದರೆ ಇಲ್ಲದ ಭತ್ತವನ್ನೂ ಅದು ಬೆಳೆದು ತೋರಿಸುವುದು! ಇಲ್ಲಿಯ ಗದ್ದೆಗಳು ಸಮನೆಲದವಾದುದರಿಂದ ವಾಲುವಿಕೆಯ ದೋಷವು ಅಲ್ಪ. ಧೂಳನ್ನು ದಿನಕ್ಕೊಮ್ಮೆ ಒರೆಸಬಹುದು. ಸವೆದ ಯಂತ್ರಕ್ಕೆ ಬೆಳಕಿನ ಬಗೆಯೇ ಮೇಲೆಂದು ನನ್ನ ಮತ.

ಹಸಿಯ ವಿಷಯವನ್ನು ಬಹುಮಂದಿ ಉಪೇಕ್ಷಿಸುವರು. ಯಂತ್ರದಿಂದ ಬರುವ ಭತ್ತದಲ್ಲಿ ನೂರಕ್ಕೆ ೨೦ರಿಂದ ೨೪ ಭಾಗ ನೀರಿರುವುದು ಸಾಮಾನ್ಯ. ಸರಕಾರದ ಖರೀದಿಯಲ್ಲಿ ಒಪ್ಪುವ ಮೇಲೆಲ್ಲೆಯು ೧೭. ಎಕರೆಗೆ ೩,೦೦೦ ಕಿಲೋ, ಎಂದರೆ ೪೦ ಚೀಲ, ಹಸಿಕಾಳು ಬಂದಿತು, ಅದರಲ್ಲಿ ನೂರಕ್ಕೆ ೨೨ ಭಾಗ ನೀರು ಎಂದಿಟ್ಟುಕೊಳ್ಳಿ. ಒಣಭಾಗವು ೭೮. ಇದನ್ನು ೧೪ ಭಾಗ ನೀರಿನ ಮಾನಕ್ಕೆ ತರಬೇಕಾದರೆ ೩,೦೦೦ವನ್ನು ೭೮ರಿಂದ ಗುಣಿಸಿ ೮೬ರಿಂದ ಭಾಗಿಸಬೇಕು: ಸುಮಾರು ೨,೭೨೧ ಕಿಲೋ, ಎಂದರೆ ೩೬ ಚೀಲಕ್ಕೆ ತುಸು ಮೇಲೆ. ನಾಲ್ಕು ಚೀಲಗಳಿಗೆ ಹತ್ತಿರಹತ್ತಿರವಾದುದು ನೀರೇ. ಬೆಳಗಿನ ಇಬ್ಬನಿಯಲ್ಲಿ ಕೊಯ್ದ ಗದ್ದೆಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಕೊಯ್ದುದರೊಡನೆ ಹೋಲಿಸುವವನು ಇಬ್ಬನಿಯನ್ನು ಬೆಳೆಯೆಂದು ಎಣಿಸುವನು. ಹಸಿಯನ್ನು ಅಳೆಯುವ ಅಂಗವಿಲ್ಲದ ಇಳುವರಿಮಾಪಕವನ್ನು ಕೊಳ್ಳಲೇಬಾರದು.

ತೂಕದಷ್ಟೇ ನೆಲವೂ ಮುಖ್ಯ. ಎಕರೆಯ ಇಳುವರಿಯು ಒಂದು ಭಾಗಾಕಾರ. ಭಾಜಕವು ತಪ್ಪಿದರೆ ಭಾಜ್ಯವು ಸರಿಯಾಗಿದ್ದೂ ಫಲವಿಲ್ಲ. ಯಂತ್ರದ ಕತ್ತರಿಯ ಅಗಲವು ೨ ಮೀಟರು ಎಂದು ಉಪಕರಣಕ್ಕೆ ಹೇಳಿರುವೆವು. ಚಾಲಕನು ಬೆಳೆ ಬಿಟ್ಟುಹೋಗದಿರಲೆಂದು ಹಿಂದಿನ ಸಾಲಿನ ಮೇಲೆ ಒತ್ತಿಕೊಂಡು ೧.೬ ಮೀಟರನ್ನೇ ಕೊಯ್ಯುತ್ತಿರುವನು. ಆಗ ೪೦ ಚೀಲದ ಬೆಳೆಯು ೩೨ ಎಂದು ದಾಖಲಾಗುವುದು. ಉಪಗ್ರಹಗಳಿಂದ ಸ್ಥಾನವನ್ನು ತಿಳಿಯುವ ಅಂಗವು ಕೊಯ್ದ ಜಾಡನ್ನು ನೆನಪಿಟ್ಟು ಅತಿವ್ಯಾಪ್ತವಾದ ಭಾಗವನ್ನು ಕಳೆಯಬಲ್ಲುದಾದರೂ ಮೀಟರುಗಟ್ಟಲೆ ತಪ್ಪುವ ಅಗ್ಗದ ಅಂಗದಿಂದ ಅದು ಸಾಧ್ಯವಾಗದು. ಸುತ್ತು ತಿರುಗುವಾಗ ಕತ್ತರಿಯನ್ನು ಎತ್ತಿದೊಡನೆ ನೆಲದ ಎಣಿಕೆಯು ನಿಲ್ಲುವಂತೆ ಒಂದು ಸ್ವಿಚ್ಚೂ ಇರತಕ್ಕದ್ದು.

ಇನ್ನೊಂದು ಸೂಕ್ಷ್ಮವುಂಟು. ಕತ್ತರಿಸಿದ ತೆನೆಯ ಕಾಳು ಬಡಿತ, ಜರಡಿ, ಗಾಳಿಗಳನ್ನು ದಾಟಿ ಮಾಪಕವನ್ನು ಮುಟ್ಟುವುದಕ್ಕೆ ಹತ್ತು ಹದಿನೈದು ಸೆಕೆಂಡುಗಳು ಹಿಡಿಯುವುವು. ಸೆಕೆಂಡಿಗೆ ಒಂದು ಮೀಟರು ನಡೆಯುವ ಯಂತ್ರವು ಅಷ್ಟರಲ್ಲಿ ಹತ್ತು ಹದಿನೈದು ಮೀಟರು ಮುಂದಿರುವುದು. ಅಯೋವಾದ ಮೈಲುಗಟ್ಟಲೆಯ ಹೊಲದಲ್ಲಿ ಇದು ಗಣನೆಗೆ ಬಾರದು. ಮೂವತ್ತು ನಲವತ್ತು ಮೀಟರಿಗೊಂದು ಬದುವಿರುವ ಭತ್ತದ ಮಡಿಯಲ್ಲಿ ಪ್ರತಿ ಸಾಲಿನ ಆದಿಯೂ ಅಂತ್ಯವೂ ಈ ತಡೆಯಲ್ಲಿ ಕಳೆದುಹೋಗಿ ನಂಬತಕ್ಕ ಅಂಕಿಯು ನಡುವೆ ಸ್ವಲ್ಪವೇ ಉಳಿಯುವುದು. ಆದುದರಿಂದ ಮಾರಾಟಗಾರರು ತೋರಿಸುವ ಬಣ್ಣಬಣ್ಣದ ನಕ್ಷೆಯನ್ನು ನೋಡಿ ಮರುಳಾಗಬಾರದು. ಇಲ್ಲಿ ಕೇಳತಕ್ಕ ಪ್ರಶ್ನೆಯು ಈ ಮಡಿಗೂ ಆ ಮಡಿಗೂ ಇಳುವರಿಯಲ್ಲಿ ಎಷ್ಟು ಅಂತರ ಎಂಬುದೇ. ಕಾಲುವೆಯ ಕೊನೆಯಂಚಿನಲ್ಲಿ ನೀರು ಸಾಲದೆ ಸೊರಗಿದ ಮಡಿ, ನೀರು ಬಸಿಯದೆ ಸವಳೇರಿದ ಮಡಿ, ಇವನ್ನು ಗುರುತಿಸಿ ಅವುಗಳ ನಷ್ಟವನ್ನು ಚೀಲದಲ್ಲಿ ಹೇಳುವಷ್ಟನ್ನು ಈ ಉಪಕರಣವು ಮಾಡಬಲ್ಲುದು. ಅದು ಸಣ್ಣ ಪ್ರಯೋಜನವಲ್ಲ. ಸವಳು ನೆಲಕ್ಕೆ ಜಿಪ್ಸಮ್ ಹಾಕಿಸಬೇಕೆ, ಬಸಿಗಾಲುವೆಯನ್ನು ತೆಗೆಸಬೇಕೆ ಎಂಬುದು ಅದರಿಂದಲೇ ತೀರ್ಮಾನವಾಗಬಹುದು.

ವ್ಯಾಪ್ತಿನಿಶ್ಚಯದ ಕ್ರಮವು ಹೀಗೆ: ಒಂದು ಪೆಟ್ಟಿಗೆ ತುಂಬ ಕೊಯ್ದು, ಟ್ರಾಲಿಗೆ ಸುರಿದು, ವೇಬ್ರಿಡ್ಜಿನಲ್ಲಿ ತೂಗಿಸಿ, ಬಂದ ತೂಕವನ್ನು ಉಪಕರಣಕ್ಕೆ ತಿಳಿಸಬೇಕು. ಒಂದು ಸಲ ಸಾಲದು. ಮೆಲ್ಲಗೆ ಒಂದು, ಬಿರುಸಾಗಿ ಒಂದು, ತೆಳ್ಳನೆಯ ಬೆಳೆಯಲ್ಲಿ ಒಂದು ಎಂದು ನಾಲ್ಕಾರು ಸಲವಾದರೂ ಆಗಬೇಕು. ಏಕೆಂದರೆ ಬಲಕ್ಕೂ ತೂಕಕ್ಕೂ ಇರುವ ಸಂಬಂಧವು ಎಲ್ಲ ವೇಗಗಳಲ್ಲಿಯೂ ಸರಳರೇಖೆಯಂತೆ ಇರುವುದಿಲ್ಲ. ಭತ್ತಕ್ಕೆ ಮಾಡಿದುದು ಮೆಕ್ಕೆಜೋಳಕ್ಕೆ ಸಲ್ಲದು. ಚೆನ್ನಾಗಿ ಹೊಂದಿಸಿದ ಮಾಪಕವು ನೂರಕ್ಕೆ ಎರಡರಿಂದ ಐದರಷ್ಟು ತಪ್ಪುವುದು. ಹೊಂದಿಸದೆ ಬಿಟ್ಟರೆ ಹತ್ತನ್ನೂ ಮೀರಬಹುದು. ಕೌಟಿಲ್ಯನು ನಾಲ್ಕು ತಿಂಗಳೆಂದನು. ಇಲ್ಲಿ ಪ್ರತಿ ಸುಗ್ಗಿಗೂ, ದುರಸ್ತಿಯಾದಾಗಲೆಲ್ಲ, ಮಾಡತಕ್ಕದ್ದು. ಹಿಂಬದಿಯ ಹುಲ್ಲಿನೊಡನೆ ನೆಲಕ್ಕೆ ಉದುರಿಹೋಗುವ ಕಾಳನ್ನು ಮಾಪಕವು ಕಾಣದೆಂಬುದನ್ನೂ ಮರೆಯಬಾರದು. ಹಳೆಯ ಯಂತ್ರದಲ್ಲಿ ಈ ನಷ್ಟವು ಹೆಚ್ಚು.

ಇನ್ನು ಹಣದ ಮಾತು. ಗದ್ದೆಯವನಿಗೆ ಯಂತ್ರವಿಲ್ಲ, ಯಂತ್ರದವನಿಗೆ ಗದ್ದೆಯ ಚಿಂತೆಯಿಲ್ಲ, ಅವನ ಬಾಡಿಗೆಯು ಗಂಟೆಯ ಲೆಕ್ಕದ್ದು. ವ್ಯಾಪ್ತಿನಿಶ್ಚಯಕ್ಕೆಂದು ವೇಬ್ರಿಡ್ಜಿಗೆ ಅಲೆಯುವುದು ಅವನಿಗೆ ಗಂಟೆಗಳ ನಷ್ಟ. ಬೆಳೆವಿಮೆಗೂ ಈ ಅಂಕಿಯು ಒದಗದು: ೨೦೧೬ರಿಂದ ನಡೆಯುತ್ತಿರುವ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿಯು ಗೊತ್ತುಮಾಡಿದ ಘಟಕದ ಸರಾಸರಿಯಿಂದ ನಿರ್ಣಯವಾಗುವುದೇ ಹೊರತು ಒಬ್ಬನ ಗದ್ದೆಯ ದಾಖಲೆಯಿಂದಲ್ಲ. ಆ ಸರಾಸರಿಯನ್ನು ಕೊಡುವ ಬೆಳೆಕಟಾವು ಪ್ರಯೋಗದಲ್ಲಿ ಭತ್ತಕ್ಕೆ ಸಾಮಾನ್ಯವಾಗಿ ಐದು ಮೀಟರು ಚೌಕದ ತುಂಡನ್ನು ಕೊಯ್ಯುವರು; ೨೫ ಚದರ ಮೀಟರಿನ ತೂಕವನ್ನು ೧೬೨ರಿಂದ ಗುಣಿಸಿದರೆ ಎಕರೆಯಾಗುವುದು, ನೂರು ಗ್ರಾಮಿನ ತಪ್ಪು ಹದಿನಾರು ಕಿಲೋ ಆಗುವುದು. ಆದುದರಿಂದ ಒಬ್ಬಂಟಿ ರೈತನು ಬಾಡಿಗೆಯ ಯಂತ್ರಕ್ಕಾಗಿ ಮಾಪಕವನ್ನು ಕೊಳ್ಳುವುದು ವ್ಯರ್ಥ. ಸ್ವಂತ ಯಂತ್ರವಿಟ್ಟು ನೂರಾರು ಎಕರೆಯನ್ನು ತಾನೇ ಮಾಡಿಸುವವನು, ಅಥವಾ ಸದಸ್ಯರ ಗದ್ದೆಗಳನ್ನೇ ವರ್ಷವರ್ಷವೂ ಕೊಯ್ಯುವ ಉತ್ಪಾದಕರ ಸಂಘವು ಕೊಂಡರೆ ಎರಡು ಮೂರು ಸುಗ್ಗಿಗಳ ಅಂಕಿಗಳು ಕೂಡಿ ಅರ್ಥಕೊಡುವುವು. ಒಂದೇ ವರ್ಷದ ಅಂಕಿಯಿಂದ ನೆಲದ ಗುಣವನ್ನು ನಿರ್ಣಯಿಸಲಾಗದು. ಆ ವರ್ಷದ ಮಳೆ, ರೋಗ, ಕಾಲುವೆಯ ಸರದಿ ಎಲ್ಲವೂ ಅದರಲ್ಲಿ ಬೆರೆತಿರುವುವು.

ಉಳಿದವರಿಗೆ ಬೇರೊಂದು ದಾರಿಯುಂಟು. ಮಡಿ ಮಡಿಯ ಕಾಳನ್ನು ಬೇರೆ ಬೇರೆ ಟ್ರಾಲಿಗೆ ತುಂಬಿಸಿ, ಪ್ರತಿಯೊಂದನ್ನೂ ತೂಗಿಸಿ, ಹಸಿಯನ್ನು ನೋಡಿ, ಸರ್ವೆ ನಂಬರು ಮತ್ತು ದಿನದೊಡನೆ ಬರೆದಿಡುವುದು. ನಾಟಿಯಾದ ನೆಲವನ್ನು ಒಮ್ಮೆ ಸರಪಣಿ ಹಿಡಿದು ಅಳೆದಿಟ್ಟರೆ ವರ್ಷವರ್ಷವೂ ಅದೇ ನಡೆಯುವುದು. ಇದಕ್ಕೆ ಹೊಸದಾಗಿ ಬೇಕಾದುದು ಕಾಳಿನ ಹಸಿಯನ್ನು ತೋರಿಸುವ ಕೈಮಾಪಕ ಒಂದೇ. ಅದನ್ನು ಕೊಳ್ಳುವಾಗ ಭತ್ತಕ್ಕೆ ಪ್ರತ್ಯೇಕವಾದ ಕೋಷ್ಟಕವುಳ್ಳದ್ದೇ ಎಂದು ನೋಡಿಕೊಳ್ಳತಕ್ಕದ್ದು.