ರೋಗಾಣುವಿನ ಕವಚಕ್ಕೂ ಭಾರವುಂಟು

ಕವಚ ತೊಟ್ಟ ಯೋಧನಿಗೆ ಬಾಣದ ಭಯವಿಲ್ಲ. ಆದರೆ ಹಗಲಿರುಳೂ ಅದನ್ನು ಹೊತ್ತು ತಿರುಗುವ ಕಷ್ಟ ಅವನದೇ. ಯುದ್ಧವಿಲ್ಲದ ದಿನಗಳಲ್ಲಿ ಬರಿಮೈಯವರು ಅವನನ್ನು ಹಿಂದೆ ಹಾಕಿ ಓಡುತ್ತಾರೆ. ಔಷಧಕ್ಕೆ ಬಗ್ಗದ ರೋಗಾಣುಗಳ ಪಾಡೂ ಬಹುಮಟ್ಟಿಗೆ ಇದೇ. ವೈದ್ಯಲೋಕದ ದೊಡ್ಡ ಆಸೆಯೊಂದು ಈ ಸಂಗತಿಯನ್ನೇ ನೆಚ್ಚಿಕೊಂಡಿದೆ. ಸೋತುಹೋದ ಔಷಧವನ್ನು ಕೆಲವು ಕಾಲ ಬಳಸದೆ ಬಿಟ್ಟರೆ, ಕವಚಧಾರಿಗಳು ತಾವಾಗಿಯೇ ಹಿಂದುಳಿದು, ಆ ಔಷಧಕ್ಕೆ ಮತ್ತೆ ಹಳೆಯ ಕಸುವು ಬಾರದೆ?

ಈ ಭಾರ ಎಂತಹುದೆಂಬುದನ್ನು ಸ್ಟ್ರೆಪ್ಟೊಮೈಸಿನ್ ಚೆನ್ನಾಗಿ ತೋರಿಸುತ್ತದೆ. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಆಲ್ಬರ್ಟ್ ಶಾಟ್ಸ್ ಮತ್ತು ಸೆಲ್ಮನ್ ವಾಕ್ಸ್‌ಮನ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಪಡೆದ ಮದ್ದು ಇದು. ಕ್ಷಯರೋಗಿಗಳಿಗೆ ಹೊಸ ಬಾಳು ಕೊಟ್ಟಿತು. ಪ್ರತಿಯೊಂದು ಬ್ಯಾಕ್ಟೀರಿಯದ ಒಡಲಲ್ಲಿಯೂ ಪ್ರೋಟೀನನ್ನು ನೇಯುವ ಅತಿ ಸೂಕ್ಷ್ಮ ಮಗ್ಗಗಳಿವೆ. ವಿಜ್ಞಾನಿಗಳು ಇವನ್ನು ರೈಬೋಸೋಮ್ ಎನ್ನುತ್ತಾರೆ. ಸ್ಟ್ರೆಪ್ಟೊಮೈಸಿನ್ ಈ ಮಗ್ಗಕ್ಕೆ ಅಂಟಿಕೊಂಡು ನೇಯ್ಗೆಯನ್ನು ಕೆಡಿಸುತ್ತದೆ. ಆದರೆ ಕೋಟ್ಯಂತರ ಅಣುಜೀವಿಗಳ ನಡುವೆ ಎಲ್ಲೋ ಒಂದರ ಮಗ್ಗದ ಬಿಡಿಭಾಗವೊಂದು ಆಕಸ್ಮಿಕವಾಗಿ ಬೇರೆ ಆಕಾರ ತಾಳುವುದುಂಟು. ಅಲ್ಲಿ ಔಷಧ ಅಂಟದು; ಜೀವ ಉಳಿಯಿತು. ಆದರೆ ಇಂಥ ಬದಲಾವಣೆಗಳಲ್ಲಿ ಹಲವು ಮಗ್ಗವನ್ನು ನಿಧಾನಗೊಳಿಸುತ್ತವೆ. ನೇಯ್ಗೆ ನಿಧಾನವಾದರೆ ಸಂತಾನವೂ ನಿಧಾನ. ಔಷಧವಿಲ್ಲದ ಕಡೆ, ಸಾಧಾರಣ ಅಣುಜೀವಿಗಳು ಬೇಗ ಬೇಗ ಮರಿಮಾಡಿ ಜಾಗವನ್ನೆಲ್ಲ ಆಕ್ರಮಿಸಿಬಿಡುತ್ತವೆ.

ಫಿನ್ಲೆಂಡಿನಲ್ಲಿ ಈ ಆಸೆ ಫಲಿಸಿದಂತೆಯೇ ತೋರಿತು. ಮಕ್ಕಳಿಗೆ ಗಂಟಲುನೋವು ತರುವ ಸ್ಟ್ರೆಪ್ಟೊಕಾಕಸ್ ಅಲ್ಲಿ ಎರಿಥ್ರೊಮೈಸಿನ್‌ಗೆ ಮಣಿಯದಾಗಿತ್ತು. ಆ ಜಾತಿಯ ಔಷಧಗಳನ್ನು ಮಿತಿಯಲ್ಲಿ ಬಳಸುವಂತೆ ವೈದ್ಯರಿಗೆ ಸೂಚನೆ ಹೋಯಿತು. ಅವರು ಪಾಲಿಸಿದರು ಕೂಡ. 1992ರಲ್ಲಿ ನೂರಕ್ಕೆ 16.5ರಷ್ಟಿದ್ದ ಮಣಿಯದ ರೋಗಾಣುಗಳ ಪಾಲು 1996ರ ಹೊತ್ತಿಗೆ 8.6ಕ್ಕೆ ಇಳಿಯಿತು.

ಲಂಡನ್ನಿನಿಂದ ಬಂದ ಸುದ್ದಿ ಬೇರೆ. ಹಿಂದೊಮ್ಮೆ ಮನೆಮಾತಾಗಿದ್ದ ಸಲ್ಫಾ ಮದ್ದುಗಳ ಬಳಕೆಗೆ ಬ್ರಿಟನ್ನಿನಲ್ಲಿ 1995ರಲ್ಲಿ ನಿರ್ಬಂಧ ಬಿತ್ತು. ವರ್ಷಕ್ಕೆ 3,20,000ದಷ್ಟಿದ್ದ ಚೀಟಿಗಳು 1999ರಲ್ಲಿ 7,000ಕ್ಕೆ ಕುಸಿದವು. ಆದರೂ ರಾಯಲ್ ಲಂಡನ್ ಆಸ್ಪತ್ರೆಯಲ್ಲಿ ಪರೀಕ್ಷಿಸಿದ ಇ. ಕೋಲಿ ಅಣುಜೀವಿಗಳಲ್ಲಿ ಸಲ್ಫಾಕ್ಕೆ ಜಗ್ಗದವು ಕಡಿಮೆಯಾಗಲೇ ಇಲ್ಲ: 1991ರಲ್ಲಿ ನೂರಕ್ಕೆ 39.7 ಇದ್ದರೆ 1999ರಲ್ಲಿ 46! ಸಲ್ಫಾವನ್ನು ತಡೆಯುವ ಗುಣವು ಬೇರೆ ಔಷಧಗಳನ್ನು ತಡೆಯುವ ಗುಣಗಳೊಡನೆ ಎಷ್ಟೋ ಸಲ ಒಂದೇ ಗಂಟಿನಲ್ಲಿರುತ್ತದೆ. ಒಂದು ಅಣುಜೀವಿಯಿಂದ ಇನ್ನೊಂದಕ್ಕೆ ಆ ಗಂಟೇ ಇಡಿಯಾಗಿ ದಾಟಬಲ್ಲದು. ಬೇರೆ ಔಷಧಗಳ ಬಳಕೆ ನಡೆದೇ ಇರುವಾಗ ಗಂಟನ್ನು ಬಿಸುಡುವುದೆಂತು?

ಆದರೆ ಇನ್ನೂ ಸೋಜಿಗದ ಸಂಗತಿಯೊಂದನ್ನು ಸ್ಟೆಫನಿ ಶ್ರಾಗ್, ವೆರೊನಿಕ್ ಪೆರೊ ಮತ್ತು ಬ್ರೂಸ್ ಲೆವಿನ್ 1997ರಲ್ಲಿ ಪ್ರಕಟಿಸಿದರು. ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದ ಇ. ಕೋಲಿಯನ್ನು ಔಷಧವಿಲ್ಲದ ಪೋಷಕ ದ್ರವದಲ್ಲಿ ತಲೆಮಾರುಗಟ್ಟಲೆ ಬೆಳೆಸಿದಾಗ ಅದು ಹಳೆಯ ಮಗ್ಗಕ್ಕೆ ಮರಳಲಿಲ್ಲ. ಬದಲಿಗೆ ಮತ್ತೊಂದು ಮಾರ್ಪಾಡಿನಿಂದ, ಔಷಧವನ್ನು ತಡೆಯುವ ಶಕ್ತಿಯನ್ನು ಬಿಟ್ಟುಕೊಡದೆಯೇ, ಕಳೆದ ವೇಗವನ್ನು ಗಳಿಸಿಕೊಂಡಿತು. ಅಂಥ ಅಣುಜೀವಿಗೆ ಸಂಶೋಧಕರು ಹಳೆಯ, ಔಷಧಕ್ಕೆ ಮಣಿಯುವ ಭಾಗವನ್ನೇ ಮರಳಿ ಜೋಡಿಸಿ ನೋಡಿದರು. ಆಗ ಅದರ ಓಟ ಮೊದಲಿಗಿಂತ ಕುಂಟಿತು! ಹೊಂದಿಕೊಂಡ ಮೈಗೆ ಕವಚವೇ ಹಗುರ, ಅದನ್ನು ಕಳಚುವುದೇ ಭಾರ.

ಇದು ಗಾಜಿನ ಬಟ್ಟಲಿನ ಕಥೆಯಷ್ಟೇ ಅಲ್ಲ. 2006ರಲ್ಲಿ ಪ್ರಕಟವಾದ ಕ್ಷಯದ ಅಧ್ಯಯನವೊಂದರಲ್ಲಿ, ಪ್ರಯೋಗಶಾಲೆಯಲ್ಲಿ ಹುಟ್ಟಿದ, ರಿಫಾಂಪಿಸಿನ್‌ಗೆ ಜಗ್ಗದ ರೋಗಾಣುಗಳೆಲ್ಲವೂ ಬೆಳವಣಿಗೆಯಲ್ಲಿ ಹಿಂದುಳಿದಿದ್ದವು. ದೀರ್ಘಕಾಲ ಚಿಕಿತ್ಸೆ ಪಡೆದ ರೋಗಿಗಳ ಮೈಯಲ್ಲೇ ಆ ಗುಣ ಪಡೆದವುಗಳಲ್ಲಿ ಕೆಲವಕ್ಕೆ ಮಾತ್ರ ಯಾವ ಹಿನ್ನಡೆಯೂ ಇರಲಿಲ್ಲ. ಕ್ಷಯಕ್ಕೆ ಒಂದೇ ಔಷಧ ಕೊಡದೆ ಹಲವನ್ನು ಒಟ್ಟಿಗೆ ತಿಂಗಳುಗಟ್ಟಲೆ ಕೊಡುವ ಪದ್ಧತಿಯ ತಿರುಳು ಇಲ್ಲಿದೆ: ಒಂದು ಔಷಧದಿಂದ ಪಾರಾಗುವ ಅಣುಜೀವಿ ಆಕಸ್ಮಿಕವಾಗಿ ಹುಟ್ಟಿದರೂ, ಮೈ ಹಗುರ ಮಾಡಿಕೊಳ್ಳುವ ಮೊದಲೇ ಅದನ್ನು ಎರಡನೆಯ ಔಷಧ ಮುಗಿಸಿಬಿಡುತ್ತದೆ. ರೋಗಿಗೆ ಹಾಯೆನಿಸಿತೆಂದು ಮಾತ್ರೆಗಳು ನಡುವೆ ನಿಂತರೆ, ಉಳಿದ ಅಣುಜೀವಿಗಳಿಗೆ ಅದೇ ಬಿಡುವು.